70 ಸಾವಿರಕ್ಕೆ ಗೇಮಿಂಗ್ ಪಿಸಿ: ಎಸ್‌ಪಿ ರೋಡಿನಲ್ಲಿ ಕೊಂಡು ಬಳ್ಳಾರಿಯಲ್ಲಿ ಕೂರಿಸಿದ್ದು

ಕೈಯಲ್ಲಿದ್ದ ದುಡ್ಡು 70,000 ರೂಪಾಯಿ. ಅದರಲ್ಲೇ ಮಾನಿಟರ್, ಕೀಬೋರ್ಡ್, ಮೌಸ್ ಎಲ್ಲ ಬರಬೇಕು. ಕಂಪ್ಯೂಟರ್ ಬೇಕಾಗಿದ್ದು ಬಳ್ಳಾರಿಯಲ್ಲಿರುವ ಅಕ್ಕನ ಮಗನಿಗೆ. 2024ರ ಬೇಸಿಗೆಯಲ್ಲಿ ಪಿಯುಸಿ ಮುಗಿಸಿ ಇಂಜಿನಿಯರಿಂಗ್‌ಗೆ ಕಾಯುತ್ತಿದ್ದ. ವ್ಯಾಲೊರಂಟ್ ಆಡಬೇಕು, ಜಿಟಿಎ 5 ಆಡಬೇಕು, ಫೋರ್ಜಾ ಆಡಬೇಕು, ಜೊತೆಗೆ ಕೋಡಿಂಗ್ ಕಲಿಯಬೇಕು. ಅಕ್ಕನ ಪ್ರಶ್ನೆ ಒಂದೇ: "ಎಷ್ಟು ವರ್ಷ ಬಾಳಿಕೆ ಬರುತ್ತೆ?" ಇಡೀ ಪಟ್ಟಿಯನ್ನು ನಾನು ಬರೆದದ್ದು ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡೇ.

ಪ್ರತಿ ಪಾರ್ಟ್‌ಗೂ ಎರಡು ವಿಷಯ ಕೇಳಿಕೊಂಡೆ. ಇದರಿಂದ ಗೇಮ್ ಚೆನ್ನಾಗಿ ಓಡುತ್ತಾ? ಇದು ಉಳಿದ ಪಾರ್ಟ್‌ಗಳನ್ನು ಕಾಪಾಡುತ್ತಾ? ಎರಡಕ್ಕೂ ಇಲ್ಲ ಅಂತ ಬಂದರೆ ಅಲ್ಲಿ ಕಡಿಮೆ ಬೆಲೆಯದ್ದು ಸಾಕು. ಬಣ್ಣದ ಲೈಟು, ಗಾಜಿನ ಮೂರು ಬಾಗಿಲು, ಮದರ್‌ಬೋರ್ಡಿನ (ಎಲ್ಲ ಪಾರ್ಟ್ ಕೂರುವ ಮುಖ್ಯ ಬೋರ್ಡು) ಮೇಲಿನ ಅಲಂಕಾರ ಎಲ್ಲ ಹೀಗೆ ಪಟ್ಟಿಯಿಂದ ಹೊರಗೆ ಹೋದವು.

ಶುರು ಮಾಡಿದ್ದು ಮಾನಿಟರ್‌ನಿಂದ. ಇದನ್ನು ತುಂಬಾ ಜನ ಕೊನೆಗೆ ಇಟ್ಟುಕೊಳ್ಳುತ್ತಾರೆ. ಆದರೆ ಗ್ರಾಫಿಕ್ಸ್ ಕಾರ್ಡ್ ಎಷ್ಟು ದುಡಿಯಬೇಕು ಅನ್ನೋದನ್ನು ತೀರ್ಮಾನಿಸೋದೇ ಮಾನಿಟರ್. 1080ಪಿ ಪರದೆಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್ ಇರುತ್ತವೆ. 1440ಪಿಯಲ್ಲಿ ಸುಮಾರು 36.9 ಲಕ್ಷ. 4ಕೆ ಅಂದರೆ 83 ಲಕ್ಷದ ಹತ್ತಿರ. ಒಂದೊಂದು ಫ್ರೇಮ್‌ಗೂ ಅಷ್ಟು ಚುಕ್ಕಿಗೆ ಬಣ್ಣ ಹಚ್ಚಬೇಕು. ನಮ್ಮ ದುಡ್ಡಿಗೆ 1080ಪಿಯೇ ಸರಿ. ಆದರೆ ರಿಫ್ರೆಶ್ ರೇಟ್‌ನಲ್ಲಿ, ಅಂದರೆ ಪರದೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತೆ ಅನ್ನೋದರಲ್ಲಿ, ಜಿಪುಣತನ ಬೇಡ ಅನ್ನಿಸಿತು. 60 ಹರ್ಟ್ಸ್‌ನಲ್ಲಿ ಒಂದು ಚಿತ್ರ 16.7 ಮಿಲಿಸೆಕೆಂಡ್ ನಿಲ್ಲುತ್ತೆ. 144 ಹರ್ಟ್ಸ್‌ನಲ್ಲಿ 7 ಮಿಲಿಸೆಕೆಂಡ್‌ಗಿಂತ ಕಡಿಮೆ. ವ್ಯಾಲೊರಂಟ್ ಥರದ ಆಟದಲ್ಲಿ ಈ ವ್ಯತ್ಯಾಸ ಮೊದಲ ದಿನವೇ ಕಣ್ಣಿಗೆ ಬೀಳುತ್ತೆ. 24 ಇಂಚಿನ, ಐಪಿಎಸ್ ಪ್ಯಾನೆಲ್‌ನ, 144 ಹರ್ಟ್ಸ್‌ಗೂ ಮೇಲೆ ಹೋಗುವ, ಕಾರ್ಡಿನ ವೇಗಕ್ಕೆ ಪರದೆಯನ್ನು ಹೊಂದಿಸುವ ಫ್ರೀಸಿಂಕ್ ಇರುವ ಮಾನಿಟರ್‌ಗೆ 10,800 ಎತ್ತಿಟ್ಟೆ.

ಗ್ರಾಫಿಕ್ಸ್ ಕಾರ್ಡ್

ಇಲ್ಲಿ ಜಾಸ್ತಿ ಹೊತ್ತು ಕೂತೆ. 20 ಸಾವಿರದ ಆಸುಪಾಸಿನಲ್ಲಿ ಮೂರು ನಾಲ್ಕು ಕಾರ್ಡು ಎದುರಿಗಿದ್ದವು.

ಜಿಟಿಎಕ್ಸ್ 1650 ಬಂದದ್ದು 2019ರಲ್ಲಿ. 4 ಜಿಬಿ ಮೆಮೊರಿ. ಅದರ ಒಂದು ಒಳ್ಳೆ ಗುಣ ಅಂದರೆ 75 ವ್ಯಾಟ್ ಸಾಕು. ತುಂಬಾ ಮಾಡೆಲ್‌ಗಳಿಗೆ ಬೇರೆ ಪವರ್ ಕೇಬಲ್ಲೇ ಬೇಡ. ಆಫೀಸಿನ ಹಳೇ ಡೆಸ್ಕ್‌ಟಾಪ್‌ಗೆ ಹಾಕುವುದಾದರೆ ಅದು ಇವತ್ತಿಗೂ ಉಪಯೋಗಕ್ಕೆ ಬರುತ್ತೆ. ಹೊಸದಾಗಿ ಕಟ್ಟುವ ಪಿಸಿಗೆ 4 ಜಿಬಿ ಸಾಲದು.

ಆರ್‌ಎಕ್ಸ್ 6500 ಎಕ್ಸ್‌ಟಿ ಬೆಲೆ ನೋಡಿದರೆ ಆಸೆ ಆಗುತ್ತೆ. ಆದರೆ ಅದಕ್ಕೂ 4 ಜಿಬಿ. ಜೊತೆಗೆ ಪಿಸಿಐ ಎಕ್ಸ್‌ಪ್ರೆಸ್ ಲೇನ್, ಅಂದರೆ ಕಾರ್ಡು ಮತ್ತು ಬೋರ್ಡಿನ ನಡುವೆ ಡೇಟಾ ಓಡುವ ದಾರಿ, ನಾಲ್ಕೇ ನಾಲ್ಕು. ಈ ದಾರಿಯ 4.0 ತಲೆಮಾರು ಇರುವ ಬೋರ್ಡಿನಲ್ಲಿ ಹೇಗೋ ನಡೆಯುತ್ತೆ. 3.0 ಬೋರ್ಡಿಗೆ ಹಾಕಿದರೆ ಆ ನಾಲ್ಕು ಲೇನಿನ ವೇಗವೂ ಅರ್ಧಕ್ಕಿಳಿಯುತ್ತೆ. ಕಾರ್ಡಿನ ಮೆಮೊರಿ ತುಂಬಿದ ಕೂಡಲೇ ಗೇಮ್ ತಡವರಿಸಲು ಶುರು ಮಾಡುತ್ತೆ. ಕಡಿಮೆ ಬಜೆಟ್ಟಿನವರ ಹತ್ತಿರ ಇರೋದು ಸಾಮಾನ್ಯವಾಗಿ 3.0 ಬೋರ್ಡೇ. ಹಾಗಾಗಿ ಈ ಕಾರ್ಡನ್ನು ನಾನು ಯಾರಿಗೂ ಹೇಳುವುದಿಲ್ಲ.

ಆರ್‌ಟಿಎಕ್ಸ್ 3050 ಹೆಸರಿನಲ್ಲಿ ಎರಡು ಬೇರೆ ಬೇರೆ ಕಾರ್ಡುಗಳಿವೆ ಅನ್ನೋದು ಗೊತ್ತಿರಲಿ. ಮೊದಲು ಬಂದದ್ದು 8 ಜಿಬಿಯದ್ದು, 130 ವ್ಯಾಟ್. 2024ರ ಫೆಬ್ರವರಿಯಲ್ಲಿ 6 ಜಿಬಿಯದ್ದು ಬಂತು, 70 ವ್ಯಾಟ್. ಇದರಲ್ಲಿ ಕಡಿಮೆಯಾಗಿರೋದು ಮೆಮೊರಿಯೊಂದೇ ಅಲ್ಲ. ಒಳಗಿನ ಕೋರ್‌ಗಳೂ ಕಡಿಮೆ, ಮೆಮೊರಿಯ ದಾರಿಯೂ 128 ಬಿಟ್‌ನಿಂದ 96 ಬಿಟ್‌ಗೆ ಕಿರಿದಾಗಿದೆ. ಕೊಟೇಶನ್‌ನಲ್ಲಿ ಬರೀ "3050" ಅಂತ ಬರೆದಿದ್ದರೆ ಯಾವುದು ಅಂತ ಕೇಳಲೇಬೇಕು.

ಕೊನೆಗೆ ಆರಿಸಿದ್ದು ಆರ್‌ಎಕ್ಸ್ 6600. 2021ರ ಅಕ್ಟೋಬರ್‌ನಲ್ಲಿ ಬಂದ ಕಾರ್ಡು. 8 ಜಿಬಿ ಮೆಮೊರಿ, 132 ವ್ಯಾಟ್, ಒಂದೇ ಒಂದು 8 ಪಿನ್ ಕೇಬಲ್. 1080ಪಿಯಲ್ಲಿ ಇದು 3050ಯ 8 ಜಿಬಿ ಕಾರ್ಡಿಗಿಂತ ಸ್ಪಷ್ಟವಾಗಿ ಮುಂದಿದೆ. ಅಂಗಡಿಯಲ್ಲಿ ಎರಡಕ್ಕೂ ಬೆಲೆ ಹತ್ತಿರ ಹತ್ತಿರ ಇತ್ತು. ನಾವು ಕೊಟ್ಟದ್ದು 20,500. ಕ್ಯಾಬಿನೆಟ್‌ನೊಳಗೆ ಕೂರುವ ಪಾರ್ಟ್‌ಗಳ ಒಟ್ಟು ಖರ್ಚಿನಲ್ಲಿ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಇದಕ್ಕೇ ಹೋಯಿತು. ಗೇಮಿಂಗ್ ಪಿಸಿಯಲ್ಲಿ ಹಾಗೆಯೇ ಹೋಗಬೇಕು.

ಒಂದು ಮಾತು ಸೇರಿಸಲೇಬೇಕು. ಹುಡುಗನ ಮುಖ್ಯ ಕೆಲಸ ಬ್ಲೆಂಡರ್ (3ಡಿ ಚಿತ್ರ ಮಾಡುವ ಸಾಫ್ಟ್‌ವೇರ್) ಆಗಿದ್ದರೆ ನಾನು ಎನ್ವಿಡಿಯಾ ಕಡೆಗೇ ಹೋಗುತ್ತಿದ್ದೆ. ಎಎಂಡಿ ಕಾರ್ಡಿನಲ್ಲೂ ಬ್ಲೆಂಡರ್ ರೆಂಡರ್ ಆಗುತ್ತೆ, ಆದರೆ ಎನ್ವಿಡಿಯಾದ ರೆಂಡರ್ ತಂತ್ರ ಆಪ್ಟಿಕ್ಸ್‌ನ ವೇಗ ಬೇರೆಯೇ. ಆಗ 12 ಜಿಬಿಯ ಆರ್‌ಟಿಎಕ್ಸ್ 3060ಗೆ ಇನ್ನೊಂದಷ್ಟು ದುಡ್ಡು ಹೊಂದಿಸಬೇಕಾಗುತ್ತಿತ್ತು.

ಸೆಕೆಂಡ್ ಹ್ಯಾಂಡ್ ಬಗ್ಗೆಯೂ ಯೋಚಿಸಿದೆ. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಅನ್ನೋ ಕ್ರಿಪ್ಟೊ ಜಾಲ ಗ್ರಾಫಿಕ್ಸ್ ಕಾರ್ಡಿನ ಮೈನಿಂಗ್ ಬಿಟ್ಟ ಮೇಲೆ ಮಾರುಕಟ್ಟೆಗೆ ಹಳೇ ಕಾರ್ಡುಗಳು ರಾಶಿ ರಾಶಿ ಬಂದವು. ಆರ್‌ಎಕ್ಸ್ 580 ಸಿಕ್ಕಾಪಟ್ಟೆ ಅಗ್ಗಕ್ಕೆ ಸಿಗುತ್ತೆ. ಅದರಲ್ಲೂ 2048ಎಸ್‌ಪಿ ಅನ್ನೋ ಮಾಡೆಲ್ ಇದೆ. ಹೆಸರು 580, ಒಳಗಿನ ಕೋರ್ ಲೆಕ್ಕ ಆರ್‌ಎಕ್ಸ್ 570ಯದ್ದು. ಬಯೋಸ್ (ಒಳಗೇ ಕೂತಿರುವ ಮೂಲ ಸಾಫ್ಟ್‌ವೇರ್) ಬದಲಿಸಿ ಬೇರೆ ಕಾರ್ಡಿನ ಹೆಸರು ತೋರಿಸುವವೂ ಇವೆ. ಹಳೇ ಕಾರ್ಡು ಕೊಳ್ಳುವವರು ಜಿಪಿಯು-ಝಡ್ ಅನ್ನೋ ಸಾಫ್ಟ್‌ವೇರ್ ಹಾಕಿ ನೋಡಿ, ಕೆಲವು ನಕಲಿ ಕಾರ್ಡುಗಳನ್ನು ಅದು ಹೆಸರಿನ ಮುಂದೆಯೇ ತೋರಿಸುತ್ತೆ. ನಮ್ಮ ವಿಷಯಕ್ಕೆ ಬಂದರೆ, ಕಾರ್ಡು ಬಳ್ಳಾರಿಗೆ ಹೋಗುವಂಥದ್ದು. ಕೆಟ್ಟರೆ ಬೆಂಗಳೂರಿಗೆ ಹೊತ್ತು ತರಬೇಕು. ವಾರಂಟಿ ಇಲ್ಲದ ಕಾರ್ಡನ್ನು ಅಷ್ಟು ದೂರ ಕಳಿಸಲು ಮನಸ್ಸು ಬರಲಿಲ್ಲ.

ಪ್ರೊಸೆಸರ್, ಬೋರ್ಡು

ಬೆಂಗಳೂರಿನ ಕಂಪ್ಯೂಟರ್ ಪಾರ್ಟ್‌ಗಳ ಮಾರುಕಟ್ಟೆಯಾದ ಎಸ್‌ಪಿ ರೋಡಿಗೆ ಹುಡುಗನೂ ಬಂದಿದ್ದ. ಟೌನ್‌ಹಾಲ್ ಕಡೆಯಿಂದ ಒಳಗೆ ಹೊಕ್ಕರೆ ಎರಡೂ ಬದಿ ಕೇಬಲ್, ಕೀಬೋರ್ಡು, ಲ್ಯಾಪ್‌ಟಾಪ್ ಸ್ಕ್ರೀನು. ಒಂದು ಅಂಗಡಿಯ ಮುಂದೆ ಬಣ್ಣ ಬಣ್ಣದ ಫ್ಯಾನು ತಿರುಗುತ್ತಿದ್ದ ಕ್ಯಾಬಿನೆಟ್ ಇತ್ತು. "ಸರ್, ಐ7 ಗೇಮಿಂಗ್ ಪಿಸಿ. ನೀವು ಹೇಳೋ ಬಜೆಟ್‌ನ ಅರ್ಧಕ್ಕೇ ಕೊಡ್ತೀನಿ" ಅಂದರು. ಹುಡುಗ ನನ್ನ ಕಡೆ ತಿರುಗಿ, "ಮಾಮಾ, ಐ7 ಅಂದ್ರೆ ಎಲ್ಲಕ್ಕಿಂತ ದೊಡ್ಡದಲ್ವಾ?" ಅಂದ.

ಒಳಗಿದ್ದದ್ದು ಐ7-2600. 2011ರ ಚಿಪ್ಪು, 4 ಕೋರ್, 8 ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸಗಳ ಲೆಕ್ಕ). ಅಷ್ಟೇ ಕೋರ್, ಅಷ್ಟೇ ಥ್ರೆಡ್ ಇರುವ 2022ರ ಐ3-12100ಎಫ್ ಅದನ್ನು ಬಹಳ ಹಿಂದೆ ಹಾಕುತ್ತೆ. ಅದೂ ಅಲ್ಲದೆ ಆ ಹಳೇ ಚಿಪ್ಪು ವಿಂಡೋಸ್ 11ರ ಪಟ್ಟಿಯಲ್ಲೇ ಇಲ್ಲ. ಐ3, ಐ5, ಐ7 ಅನ್ನೋದು ಒಂದೇ ತಲೆಮಾರಿನೊಳಗಿನ ಮೇಲು ಕೆಳಗು. ತಲೆಮಾರು ಯಾವುದು ಅಂತ ಮೊದಲು ನೋಡಬೇಕು. ಇದನ್ನು ಹುಡುಗನಿಗೆ ಅಲ್ಲೇ ರಸ್ತೆ ಬದಿ ನಿಂತು ವಿವರಿಸಿದೆ. ಆಮೇಲೆ ಅವನೇ ಪ್ರತಿ ಅಂಗಡಿಯಲ್ಲೂ "ಯಾವ ಜನರೇಶನ್?" ಅಂತ ಕೇಳತೊಡಗಿದ.

ನಾವು ಆರಿಸಿದ್ದು ರೈಜನ್ 5 5600. 2022ರ ಏಪ್ರಿಲ್‌ನಲ್ಲಿ ಬಂದದ್ದು, 6 ಕೋರ್, 12 ಥ್ರೆಡ್, 65 ವ್ಯಾಟ್. ಬೆಲೆ 11,500. ಇದರ ಪಕ್ಕದಲ್ಲೇ 5500 ಮತ್ತು 5600ಜಿ ಇರುತ್ತವೆ. ಹೆಸರು ನೋಡಿದರೆ ಅಣ್ಣ ತಮ್ಮಂದಿರು. ಒಳಗೆ ನೋಡಿದರೆ 5600ಗೆ ಎಲ್3 ಕ್ಯಾಶ್ (ಚಿಪ್ಪಿನೊಳಗೇ ಇರುವ ವೇಗದ ಮೆಮೊರಿ) 32 ಎಂಬಿ, ಉಳಿದೆರಡಕ್ಕೂ 16 ಎಂಬಿ. ಗೇಮ್‌ಗೆ ಈ ಕ್ಯಾಶ್ ತುಂಬಾ ಮುಖ್ಯ. ಇನ್ನೊಂದು, 5500 ಮತ್ತು 5600ಜಿ ಎರಡೂ ಪಿಸಿಐ ಎಕ್ಸ್‌ಪ್ರೆಸ್ 3.0ಗೇ ನಿಲ್ಲುತ್ತವೆ. ಬೋರ್ಡು 4.0 ಇದ್ದರೂ ಪ್ರಯೋಜನ ಇಲ್ಲ.

5600ಜಿಯಲ್ಲಿ ಒಳಗೇ ಗ್ರಾಫಿಕ್ಸ್ ಇದೆ. "ಈಗ ಇದು ತಗೊಳ್ಳಿ, ಕಾರ್ಡು ಆಮೇಲೆ ಹಾಕಿಸಬಹುದು" ಅನ್ನೋ ಸಲಹೆ ಬಂತು. ಕೈಯಲ್ಲಿ 35 ಸಾವಿರ ಮಾತ್ರ ಇರುವವರಿಗೆ ಅದು ಒಳ್ಳೆ ಸಲಹೆಯೇ. ಕಾರ್ಡನ್ನು ಇವತ್ತೇ ಕೊಳ್ಳುವವರಿಗೆ 5600 ಸರಿ. 5600ರ ಒಳಗೆ ಗ್ರಾಫಿಕ್ಸ್ ಇಲ್ಲ, ಹಾಗಾಗಿ ಮಾನಿಟರ್ ಕೇಬಲ್ಲನ್ನು ಬೋರ್ಡಿನ ಎಚ್‌ಡಿಎಂಐಗೆ ಚುಚ್ಚಿದರೆ ಏನೂ ಕಾಣುವುದಿಲ್ಲ. ಕಾರ್ಡಿಗೇ ಚುಚ್ಚಬೇಕು. ಫೋನ್‌ನಲ್ಲಿ ನನ್ನನ್ನು ಕೇಳುವವರಲ್ಲಿ ಅರ್ಧ ಜನರ "ಡಿಸ್‌ಪ್ಲೇ ಬರ್ತಿಲ್ಲ" ಇದೇ ಆಗಿರುತ್ತೆ.

ಬೋರ್ಡಿಗೆ 3.0 ಇರುವ ಬಿ450 ಸಾಕಾಗುತ್ತಿತ್ತು, ದುಡ್ಡೂ ಉಳಿಯುತ್ತಿತ್ತು. ಆದರೂ 8,500 ಕೊಟ್ಟು 4.0 ಇರುವ ಬಿ550 ತಗೊಂಡೆ. ಆರ್‌ಎಕ್ಸ್ 6600ಗೆ ಇರೋದು 8 ಲೇನ್. 3.0 ಬೋರ್ಡಿನಲ್ಲಿ ಇವತ್ತು ಆಗುವ ನಷ್ಟ ಚಿಕ್ಕದು. ಆದರೆ ಎರಡು ಮೂರು ವರ್ಷದ ಮೇಲೆ ಹೊಸ ಗೇಮ್‌ಗಳಿಗೆ 8 ಜಿಬಿ ಸಾಲದೆ ಹೋದಾಗ ಕಾರ್ಡು ಪದೇ ಪದೇ ರ‍್ಯಾಮ್ ಕಡೆಗೆ ಓಡಬೇಕಾಗುತ್ತೆ. ಆಗ ದಾರಿ ಅಗಲವಿದ್ದಷ್ಟೂ ಒಳ್ಳೆಯದು. ಅಕ್ಕ ಕೇಳಿದ ಬಾಳಿಕೆಯ ಪ್ರಶ್ನೆಗೆ ಇದೂ ಒಂದು ಉತ್ತರ. ಬೋರ್ಡು ಆರಿಸುವಾಗ ಇನ್ನೆರಡು ನೋಡಿದೆ: ರ‍್ಯಾಮ್‌ಗೆ ನಾಲ್ಕು ಸ್ಲಾಟ್ ಇರಬೇಕು, ಹಿಂದುಗಡೆ ಬಯೋಸ್ ಫ್ಲ್ಯಾಶ್ ಬಟನ್ ಇರಬೇಕು. ಬಟನ್ ಯಾಕೆ ಅನ್ನೋದು ಮುಂದೆ ಬರುತ್ತೆ.

ಎಸ್‌ಎಂಪಿಎಸ್

ಎಸ್‌ಎಂಪಿಎಸ್ ಅಂದರೆ ಇಡೀ ಪಿಸಿಗೆ ಕರೆಂಟ್ ಕೊಡುವ ಡಬ್ಬ. ಕೊಟೇಶನ್ ತಂದುಕೊಡುವ ಹುಡುಗರ ಪಟ್ಟಿಯಲ್ಲಿ ನಾನು ಮೊದಲು ನೋಡುವ ಸಾಲು ಇದು. ಆ ದಿನ ಸಿಕ್ಕ ಒಂದು ಕೊಟೇಶನ್‌ನಲ್ಲಿ ಎಲ್ಲ ಚೆನ್ನಾಗಿತ್ತು, ಕೊನೆಯಲ್ಲಿ "ಎಸ್‌ಎಂಪಿಎಸ್ 450 ವ್ಯಾಟ್ – 900" ಅಂತಿತ್ತು. ಅದನ್ನು ತರಿಸಿ ಲೇಬಲ್ ಓದಿದೆ. 12 ವೋಲ್ಟ್ ಸಾಲಿನಲ್ಲಿ 16 ಆಂಪ್ ಅಂತ ಬರೆದಿತ್ತು. 12ನ್ನು 16ರಿಂದ ಗುಣಿಸಿದರೆ 192 ವ್ಯಾಟ್. ಡಬ್ಬದ ಮೇಲಿನ 450 ಎಲ್ಲಿಂದ ಬಂತೋ, ಪ್ರೊಸೆಸರ್ ಮತ್ತು ಕಾರ್ಡಿಗೆ ಸಿಗೋದು ಈ 192 ಮಾತ್ರ. ಯಾಕಂದರೆ ಇವೆರಡೂ ಕುಡಿಯೋದು 12 ವೋಲ್ಟ್ ಸಾಲಿನಿಂದಲೇ.

ನಮ್ಮ ಪಿಸಿಯ ಲೆಕ್ಕ ನೋಡಿ. ಕಾರ್ಡು 132 ವ್ಯಾಟ್. ಪ್ರೊಸೆಸರ್ 65 ವ್ಯಾಟ್ ಅಂತ ಹೆಸರು, ಪೂರ್ತಿ ಓಡುವಾಗ ಸಾಕೆಟ್‌ನಿಂದ 76 ವ್ಯಾಟ್‌ವರೆಗೆ ಎಳೆಯುತ್ತೆ. ಇವೆರಡೇ 208. ಬೋರ್ಡು, ಎಸ್‌ಎಸ್‌ಡಿ, ಫ್ಯಾನು ಸೇರಿದರೆ 250ರ ಹತ್ತಿರ. ಕಾರ್ಡು ಕ್ಷಣಮಾತ್ರಕ್ಕೆ ಇನ್ನೂ ಮೇಲೆ ಜಿಗಿಯುತ್ತೆ. 192 ವ್ಯಾಟ್‌ನ ಡಬ್ಬ ಇದನ್ನು ಹೊರಲಾರದು. ಒಳ್ಳೆ ಎಸ್‌ಎಂಪಿಎಸ್ ಹೊರಲಾಗದಿದ್ದಾಗ ಸುಮ್ಮನೆ ಆಫ್ ಆಗುತ್ತೆ. ಕಳಪೆಯದ್ದು ಸಾಯುವಾಗ ಬೋರ್ಡನ್ನೋ ಕಾರ್ಡನ್ನೋ ಜೊತೆಗೆ ಕರೆದುಕೊಂಡು ಹೋಗಬಹುದು. 20 ಸಾವಿರದ ಕಾರ್ಡಿನ ಹಿಂದೆ 900 ರೂಪಾಯಿಯ ಡಬ್ಬ ಇಡುವುದು ನನಗೆ ಸರಿ ಕಾಣುವುದಿಲ್ಲ.

ತಗೊಂಡದ್ದು 550 ವ್ಯಾಟ್, 80 ಪ್ಲಸ್ ಬ್ರಾಂಜ್, 5 ವರ್ಷ ವಾರಂಟಿ. 12 ವೋಲ್ಟ್‌ನಲ್ಲಿ ಸುಮಾರು 45 ಆಂಪ್, ಅಂದರೆ ಹೇಳಿದ ವ್ಯಾಟ್ ಬಹುಪಾಲು ಅಲ್ಲೇ ಇದೆ. ಬೆಲೆ 4,300. ಬ್ರಾಂಜ್, ಗೋಲ್ಡ್ ಅನ್ನೋ ಚೀಟಿ ಹೇಳೋದು ಎಷ್ಟು ಕರೆಂಟ್ ಬಿಸಿಯಾಗಿ ಪೋಲಾಗುತ್ತೆ ಅನ್ನೋದನ್ನು ಮಾತ್ರ. ಒಳಗಿನ ರಕ್ಷಣೆ ಹೇಗಿದೆ ಅಂತ ಅದು ಹೇಳುವುದಿಲ್ಲ. ಅದಕ್ಕೆ ಆ ಮಾಡೆಲ್‌ನ ರಿವ್ಯೂ ಓದಬೇಕು, ವಾರಂಟಿ ಎಷ್ಟು ವರ್ಷ ಅಂತ ನೋಡಬೇಕು. ತಯಾರಿಸಿದವರಿಗೇ ನಂಬಿಕೆ ಇಲ್ಲದ ಮಾಲಿಗೆ 5 ವರ್ಷ ಯಾರೂ ಬರೆದುಕೊಡುವುದಿಲ್ಲ.

ಉಳಿದವು

ರ‍್ಯಾಮ್ 16 ಜಿಬಿ, ಡಿಡಿಆರ್4, ವೇಗ 3200. ಕೊಟೇಶನ್‌ನಲ್ಲಿ 16 ಜಿಬಿಯ ಒಂದೇ ಕಡ್ಡಿ ಇತ್ತು. ಅದನ್ನು ಬದಲಿಸಿ 8 ಜಿಬಿಯ ಎರಡು ಕಡ್ಡಿ ಕೇಳಿದೆ. ಒಂದೇ ಕಡ್ಡಿಯಲ್ಲಿ ಸೆಕೆಂಡಿಗೆ 25.6 ಜಿಬಿ ಹರಿಯುತ್ತೆ. ಎರಡು ಕಡ್ಡಿ ಎರಡು ಚಾನೆಲ್‌ನಲ್ಲಿ ಕೂತರೆ 51.2. ಬೆಲೆಯಲ್ಲಿ ಹೆಚ್ಚಿನ ವ್ಯತ್ಯಾಸ ಇರಲಿಲ್ಲ, ಎರಡಕ್ಕೂ ಸೇರಿ 3,600.

ಎಸ್‌ಎಸ್‌ಡಿ 1 ಟಿಬಿ ಎನ್‌ವಿಎಂಇ, 5,800. 256 ಜಿಬಿ ಎಸ್‌ಎಸ್‌ಡಿ ಜೊತೆ ಹಾರ್ಡ್‌ಡಿಸ್ಕ್ ಅನ್ನೋ ಹಳೇ ಪದ್ಧತಿ ಈಗ ಬೇಡ. ಒಂದೊಂದು ಗೇಮ್ 100 ಜಿಬಿ ದಾಟುವ ಕಾಲ ಇದು. ಎಸ್‌ಎಸ್‌ಡಿ ಮೆಮೊರಿಯಲ್ಲಿ ಟಿಎಲ್‌ಸಿ, ಕ್ಯೂಎಲ್‌ಸಿ ಅನ್ನೋ ಬಗೆಗಳಿವೆ, ಟಿಎಲ್‌ಸಿ ಇರುವುದನ್ನೇ ಕೇಳಿ ತಗೊಂಡೆ. ಕ್ಯೂಎಲ್‌ಸಿ ಅಗ್ಗ, ಆದರೆ ದೊಡ್ಡ ಫೈಲ್ ಬರೆಯುವಾಗ ಅದರ ಕ್ಯಾಶ್ ತುಂಬಿದ ಮೇಲೆ ವೇಗ ದಿಢೀರನೆ ಬೀಳುತ್ತೆ.

ಕ್ಯಾಬಿನೆಟ್ ವಿಷಯದಲ್ಲಿ ಬಳ್ಳಾರಿಯನ್ನು ನೆನಪಿಟ್ಟುಕೊಂಡು ಆರಿಸಬೇಕಿತ್ತು. ಅಲ್ಲಿ ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುತ್ತೆ. ಕೆಂಪು ಧೂಳು ಬೇರೆ. ಮುಂದೆ ಪೂರ್ತಿ ಗಾಜಿರುವ ಕ್ಯಾಬಿನೆಟ್ ಹುಡುಗನಿಗೆ ಹಿಡಿಸಿತ್ತು. ಆದರೆ ಗಾಳಿ ಎಲ್ಲಿಂದ ಒಳಗೆ ಬರಬೇಕು? ಮುಂದೆ ಜಾಲರಿ, ಅದರ ಹಿಂದೆ ಎರಡು ಫ್ಯಾನು, ಹಿಂದುಗಡೆ ಒಂದು ಫ್ಯಾನು, ತೆಗೆದು ತೊಳೆಯಬಹುದಾದ ಧೂಳಿನ ಫಿಲ್ಟರ್ ಇರುವುದನ್ನು 3,700ಕ್ಕೆ ತಗೊಂಡೆವು. ಒಳಗೆ ತಳ್ಳುವ ಫ್ಯಾನು ಹೊರಗೆ ಎಳೆಯುವುದಕ್ಕಿಂತ ಜಾಸ್ತಿ ಇದ್ದರೆ ಗಾಳಿ ಸಂದುಗೊಂದಿನಿಂದ ಹೊರಗೇ ಹೋಗುತ್ತೆ. ಧೂಳು ಅಲ್ಲಿಂದ ಒಳಗೆ ಸೇರುವುದು ಕಡಿಮೆ.

ಒಟ್ಟು 68,700. ಉಳಿದ 1,300ಕ್ಕೆ ಕೀಬೋರ್ಡು, ಮೌಸು. ಎಲ್ಲಕ್ಕೂ ಜಿಎಸ್‌ಟಿ ಬಿಲ್ಲು ಹಾಕಿಸಿ, ಪ್ರತಿ ಪಾರ್ಟಿನ ಸೀರಿಯಲ್ ನಂಬರ್ ಬಿಲ್ಲಿನಲ್ಲಿ ಬರೆಸಿದೆ. ಬಿಲ್ಲು ಬೇಡ ಅಂದರೆ 18 ಪರ್ಸೆಂಟ್ ಕಡಿಮೆ ಮಾಡ್ತೀವಿ ಅನ್ನುವವರು ಸಿಗುತ್ತಾರೆ. ನಾಳೆ ವಾರಂಟಿಗೆ ಹೋದರೆ ಮೊದಲು ಕೇಳೋದೇ ಆ ಬಿಲ್ಲು.

ಜೋಡಣೆ

ಬೆಂಗಳೂರಿನ ನನ್ನ ಮನೆಯಲ್ಲೇ ಊಟದ ಟೇಬಲ್ ಮೇಲೆ ಜೋಡಿಸಿದೆವು. ಏನಾದರೂ ಕೈಕೊಟ್ಟರೆ ಅಂಗಡಿ ಹತ್ತಿರ ಇರುತ್ತೆ ಅನ್ನೋದು ಉದ್ದೇಶ. ಸ್ಕ್ರೂ ತಿರುಗಿಸಿದ್ದೆಲ್ಲ ಹುಡುಗನೇ.

ನಮ್ಮ ರೈಜನ್ ಕೂರುವ ಸಾಕೆಟ್‌ನ ಹೆಸರು ಎಎಂ4. ಈ ಬಗೆಯ ಚಿಪ್ಪಿನಲ್ಲಿ ಪಿನ್ನು ಚಿಪ್ಪಿಗೇ ಇರುತ್ತವೆ, ಒಟ್ಟು 1,331. ಮೂಲೆಯ ಚಿನ್ನದ ತ್ರಿಕೋನ ಮತ್ತು ಸಾಕೆಟ್‌ನ ತ್ರಿಕೋನ ಹೊಂದಿಸಿ ಇಟ್ಟರೆ ತಾನಾಗಿ ಕೆಳಗಿಳಿಯುತ್ತೆ. ಒತ್ತಬಾರದು. ಚಿಪ್ಪಿನ ಜೊತೆ ಬರುವ ವ್ರೈತ್ ಸ್ಟೆಲ್ತ್ ಕೂಲರ್ ಹಾಕುವ ಮೊದಲು ಬೋರ್ಡಿನ ಮೇಲಿರುವ ಎರಡು ಪ್ಲಾಸ್ಟಿಕ್ ಕ್ಲಿಪ್ಪು ಬಿಚ್ಚಬೇಕು. ಬಿಚ್ಚಿದಾಗ ಹಿಂದಿನ ಲೋಹದ ಪ್ಲೇಟು ಕಳಚಿ ಬೀಳುತ್ತೆ, ಒಬ್ಬರು ಕೆಳಗಿನಿಂದ ಹಿಡಿದುಕೊಂಡಿರಬೇಕು. ನಾಲ್ಕು ಸ್ಕ್ರೂಗಳನ್ನು ಎದುರು ಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದೆವು. ಚಿಪ್ಪಿನ ಬಿಸಿಯನ್ನು ಕೂಲರ್‌ಗೆ ದಾಟಿಸುವ ಪೇಸ್ಟು ಕೂಲರ್‌ನ ತಳಕ್ಕೆ ಮೊದಲೇ ಹಚ್ಚಿರುತ್ತೆ. ಮುಂದೆ ಯಾವಾಗಲಾದರೂ ಕೂಲರ್ ತೆಗೆಯುವುದಾದರೆ ಪಿಸಿಯನ್ನು ಸ್ವಲ್ಪ ಹೊತ್ತು ಓಡಿಸಿ ಬಿಸಿ ಮಾಡಿ, ಆಫ್ ಮಾಡಿ, ಕೂಲರನ್ನು ಆಚೀಚೆ ತಿರುಗಿಸಿ ಆಮೇಲೆ ಎತ್ತಬೇಕು. ನೇರ ಎಳೆದರೆ ಪೇಸ್ಟಿಗೆ ಅಂಟಿಕೊಂಡು ಚಿಪ್ಪೂ ಕಿತ್ತು ಬಂದು ಪಿನ್ನು ಬಾಗಬಹುದು.

ರ‍್ಯಾಮ್ ಕಡ್ಡಿಗಳನ್ನು ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೇ ಮತ್ತು ನಾಲ್ಕನೇ ಸ್ಲಾಟಿಗೆ ಹಾಕಿದೆವು. ಎಸ್‌ಎಸ್‌ಡಿ ಪ್ರೊಸೆಸರ್‌ಗೆ ಹತ್ತಿರದ ಸ್ಲಾಟಿಗೆ. ಪ್ರೊಸೆಸರ್‌ನ 8 ಪಿನ್ ಕೇಬಲ್ಲನ್ನು ಬೋರ್ಡು ಕೂರಿಸುವ ಮೊದಲೇ ಮೂಲೆಯ ತೂತಿನಿಂದ ಎಳೆದಿಟ್ಟುಕೊಂಡೆವು, ಆಮೇಲೆ ಅಲ್ಲಿ ಕೈ ಹೋಗುವುದಿಲ್ಲ. ಕಾರ್ಡಿನ 8 ಪಿನ್ ಕೇಬಲ್ಲೂ ನೋಡಲು ಹಾಗೇ ಇರುತ್ತೆ, ಆದರೆ ಅದು 6 ಮತ್ತು 2 ಆಗಿ ಬೇರ್ಪಡುತ್ತೆ. ಪ್ರೊಸೆಸರ್‌ನದ್ದು 4 ಮತ್ತು 4. ಇವೆರಡನ್ನು ಅದಲು ಬದಲು ಮಾಡಬಾರದು.

ಪವರ್ ಒತ್ತಿದಾಗ ಫ್ಯಾನು ತಿರುಗಿದವು, ಪರದೆ ಕಪ್ಪು. ಬೋರ್ಡಿನ ಮೇಲೆ ಸಿಪಿಯು ಅಂತ ಬರೆದಿರುವ ಚಿಕ್ಕ ಕೆಂಪು ದೀಪ ಉರಿಯುತ್ತಲೇ ಇತ್ತು. ಹುಡುಗನ ಮುಖ ಇಳಿದುಹೋಯಿತು. ಬಿ550 ಬೋರ್ಡುಗಳು ಬಂದದ್ದು 2020ರ ಜೂನ್‌ನಲ್ಲಿ, ನಮ್ಮ ಚಿಪ್ಪು 2022ರದ್ದು. ಬೋರ್ಡು ಹಳೇ ಸ್ಟಾಕ್ ಆಗಿದ್ದರೆ ಅದರ ಬಯೋಸ್‌ಗೆ ಈ ಚಿಪ್ಪಿನ ಪರಿಚಯವೇ ಇರುವುದಿಲ್ಲ. ನಮ್ಮ ಬೋರ್ಡಿನ ಡಬ್ಬದ ಮೇಲೆ "ರೈಜನ್ 5000 ಡೆಸ್ಕ್‌ಟಾಪ್ ರೆಡಿ" ಸ್ಟಿಕ್ಕರ್ ಇರಲಿಲ್ಲ. ಫ್ಲ್ಯಾಶ್ ಬಟನ್ ಇರುವ ಬೋರ್ಡೇ ಬೇಕು ಅಂದದ್ದು ಈ ಕಾರಣಕ್ಕೇ.

ಬೋರ್ಡಿನ ಕಂಪನಿಯ ಸೈಟಿನಿಂದ ಹೊಸ ಬಯೋಸ್ ಇಳಿಸಿಕೊಂಡೆ. ಪೆನ್‌ಡ್ರೈವನ್ನು ಫ್ಯಾಟ್32 ಆಗಿ ಫಾರ್ಮ್ಯಾಟ್ ಮಾಡಿ, ಮ್ಯಾನುವಲ್‌ನಲ್ಲಿ ಹೇಳಿದ ಹೆಸರಿಗೇ ಫೈಲಿನ ಹೆಸರು ಬದಲಿಸಿ, ಹಿಂದುಗಡೆ ಗುರುತು ಹಾಕಿರುವ ಯುಎಸ್‌ಬಿಗೆ ಹಾಕಿ ಬಟನ್ ಒತ್ತಿದೆವು. ದೀಪ ಮಿನುಗಲು ಶುರುವಾಯಿತು. ಅದು ನಿಲ್ಲುವವರೆಗೆ ಕರೆಂಟ್ ಹೋಗಬಾರದು, ಹಾಗಾಗಿ ಯುಪಿಎಸ್‌ಗೆ ಚುಚ್ಚಿಟ್ಟಿದ್ದೆ. ದೀಪ ನಿಂತಿತು, ಆನ್ ಮಾಡಿದೆವು, ಪರದೆಯ ಮೇಲೆ ರೈಜನ್ 5 5600 ಅಂತ ಹೆಸರು ಬಂತು. ಹುಡುಗ ಕುರ್ಚಿಯಿಂದ ಎದ್ದು ನಿಂತುಬಿಟ್ಟ.

ಬಯೋಸ್ ಒಳಗೆ ಹೋಗಿ ಮಾಡಲೇಬೇಕಾದ ಕೆಲಸಗಳಿವೆ. ರ‍್ಯಾಮ್ 2400ರಲ್ಲಿ ಓಡುತ್ತಿತ್ತು. ಕಡ್ಡಿಯನ್ನು ಅದರ ಪೂರ್ತಿ ವೇಗದಲ್ಲಿ ಓಡಿಸುವ ಎಕ್ಸ್‌ಎಂಪಿ ಸೆಟ್ಟಿಂಗ್ ಆನ್ ಮಾಡಿದ ಮೇಲೆ 3200. ಇದನ್ನು ಮಾಡದೆ ವರ್ಷಗಟ್ಟಲೆ ಓಡಿಸುವವರು ತುಂಬಾ ಜನ ಇದ್ದಾರೆ, ಕೊಟ್ಟ ದುಡ್ಡಿನ ವೇಗ ಅವರಿಗೆ ಸಿಕ್ಕೇ ಇರುವುದಿಲ್ಲ. ರೀಸೈಝಬಲ್ ಬಾರ್ ಆನ್ ಮಾಡಿದೆ, ಇದರಿಂದ ಪ್ರೊಸೆಸರ್‌ಗೆ ಕಾರ್ಡಿನ ಪೂರ್ತಿ ಮೆಮೊರಿ ಒಟ್ಟಿಗೆ ಕೈಗೆ ಸಿಗುತ್ತೆ. ಎಫ್‌ಟಿಪಿಎಂ ಮತ್ತು ಸೆಕ್ಯೂರ್ ಬೂಟ್ ಅನ್ನೋ ಎರಡು ಭದ್ರತೆಯ ಸೆಟ್ಟಿಂಗ್ ಕೂಡ ಆನ್. ವಿಂಡೋಸ್ 11ರಲ್ಲಿ ವ್ಯಾಲೊರಂಟ್ ಇವೆರಡೂ ಇಲ್ಲದೆ ಶುರುವೇ ಆಗುವುದಿಲ್ಲ. ವಿಂಡೋಸ್ ಹಾಕಿದ ಮೇಲೆ ಡಿಸ್‌ಪ್ಲೇ ಸೆಟ್ಟಿಂಗ್‌ಗೆ ಹೋಗಿ ರಿಫ್ರೆಶ್ ರೇಟ್ ಬದಲಿಸಿದೆವು. ಅಲ್ಲಿಯವರೆಗೆ ಹೊಸ ಮಾನಿಟರ್ 60ರಲ್ಲೇ ನಿಂತಿತ್ತು.

ಬಳ್ಳಾರಿಯಲ್ಲಿ

ಸಾಗಿಸುವ ಮೊದಲು ಗ್ರಾಫಿಕ್ಸ್ ಕಾರ್ಡನ್ನು ಬಿಚ್ಚಿ ಅದರದ್ದೇ ಡಬ್ಬದಲ್ಲಿಟ್ಟೆವು. ಕುಲುಕಾಟದಲ್ಲಿ ಕಾರ್ಡಿನ ಭಾರ ಸ್ಲಾಟನ್ನು ಜಗ್ಗುತ್ತೆ. ಕ್ಯಾಬಿನೆಟ್ ತನ್ನ ಥರ್ಮಾಕೋಲ್ ಸಮೇತ ಡಬ್ಬದೊಳಗೆ. ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಳಿಗ್ಗೆ ಇಳಿದೆವು.

ಅಕ್ಕನ ಮನೆ ಹಳೆಯದು. ಪಿಸಿ ಆನ್ ಮಾಡಿ ಕ್ಯಾಬಿನೆಟ್ ಮುಟ್ಟಿದರೆ ಬೆರಳಿಗೆ ಸಣ್ಣಗೆ ಜುಮ್ ಅಂತಿತ್ತು. ಇದು ಎಸ್‌ಎಂಪಿಎಸ್ ಕೆಟ್ಟಿದ್ದಲ್ಲ. ಪ್ರತಿ ಎಸ್‌ಎಂಪಿಎಸ್ ಒಳಗೂ ಫಿಲ್ಟರ್ ಕೆಪಾಸಿಟರ್‌ಗಳಿರುತ್ತವೆ, ಅವುಗಳಿಂದ ತೀರಾ ಸಣ್ಣ ಕರೆಂಟ್ ಲೋಹದ ಮೈಗೆ ಬರುತ್ತೆ. ಅರ್ಥಿಂಗ್ ಇದ್ದರೆ ಅದು ನೆಲಕ್ಕೆ ಹೋಗುತ್ತೆ, ಇಲ್ಲದಿದ್ದರೆ ಮುಟ್ಟಿದವರ ಕೈಗೆ. ಎಲೆಕ್ಟ್ರಿಷಿಯನ್ ಕರೆಸಿ ಮೀಟರ್ ಹಿಡಿಸಿದೆವು. ಫೇಸ್ ಮತ್ತು ನ್ಯೂಟ್ರಲ್ ನಡುವೆ 230ರ ಹತ್ತಿರ ಇತ್ತು. ಫೇಸ್ ಮತ್ತು ಅರ್ಥ್ ನಡುವೆಯೂ ಅಷ್ಟೇ ಬರಬೇಕು, ಬರಲಿಲ್ಲ. ಮೂರನೇ ಪಿನ್ನಿಗೆ ತಂತಿಯೇ ಇರಲಿಲ್ಲ. ಆ ರೂಮಿಗೆ ಅರ್ಥ್ ತಂತಿ ಎಳೆಸಿದ ಮೇಲೆ ಜುಮ್ ನಿಂತಿತು. ಹೊಸ ಪಿಸಿ ಇಡುವ ಜಾಗದಲ್ಲಿ ಇದನ್ನು ಮೊದಲೇ ನೋಡಿಸಿ, ಖರ್ಚು ಹೆಚ್ಚಲ್ಲ.

ಇನ್ನೊಂದು, ಕರೆಂಟ್ ಹೋದಾಗ ಪಿಸಿ ರೀಸ್ಟಾರ್ಟ್ ಆಗುತ್ತಿತ್ತು. ಮನೆಯಲ್ಲಿ ಸೈನ್‌ವೇವ್ ಇನ್ವರ್ಟರ್ ಇತ್ತು, ಫ್ಯಾನು ಲೈಟು ಆರುತ್ತಲೇ ಇರಲಿಲ್ಲ. ಆದರೆ ಎಸ್‌ಎಂಪಿಎಸ್ ತನ್ನೊಳಗಿನ ಕೆಪಾಸಿಟರ್ ಬಲದಲ್ಲಿ ತಡೆದುಕೊಳ್ಳೋದು ಸುಮಾರು 16 ಮಿಲಿಸೆಕೆಂಡ್ ಮಾತ್ರ. ಇನ್ವರ್ಟರ್ ಸಾಮಾನ್ಯ ಮೋಡ್‌ನಲ್ಲಿ ಬದಲಾಗಲು ಅದಕ್ಕಿಂತ ಜಾಸ್ತಿ ಹೊತ್ತು ತಗೊಳ್ಳುತ್ತೆ. ನಮ್ಮಲ್ಲಿ ಮಾರುವ ಬಹಳಷ್ಟು ಇನ್ವರ್ಟರ್‌ಗಳಲ್ಲಿ ಯುಪಿಎಸ್ ಮೋಡ್ ಅಂತ ಒಂದು ಸ್ವಿಚ್ ಇರುತ್ತೆ. ಅದನ್ನು ಹಾಕಿದ ಮೇಲೆ ಬೇಗ ಬದಲಾಗುತ್ತೆ, ಪಿಸಿ ಆರಲಿಲ್ಲ. ಗೇಮ್ ಆಡುವಾಗ ಮಾನಿಟರ್ ಸೇರಿ 260 ವ್ಯಾಟ್ ಆಸುಪಾಸು ಎಳೆಯುತ್ತಿತ್ತು, ಇನ್ವರ್ಟರ್‌ಗೆ ಅದು ಭಾರವಲ್ಲ. ಆದರೂ ಕರೆಂಟ್ ಹೋದಾಗ ಗೇಮ್ ಮುಗಿಸಿ ಎದ್ದುಬಿಡು, ಬ್ಯಾಟರಿ ಮನೆಯವರ ಫ್ಯಾನಿಗೆ ಇರಲಿ ಅಂತ ಹೇಳಿ ಬಂದಿದ್ದೇನೆ.

ಮಧ್ಯಾಹ್ನದ ಬಿಸಿಲಿನಲ್ಲಿ, ರೂಮು ಕಾದಿದ್ದಾಗಲೇ ಫೋರ್ಜಾ ಹೊರೈಸನ್ 5 ಓಡಿಸಿ ನೋಡಿದೆವು. ಹೈ ಸೆಟ್ಟಿಂಗ್‌ನಲ್ಲಿ 90ರಿಂದ 100 ಎಫ್‌ಪಿಎಸ್, ಅಂದರೆ ಸೆಕೆಂಡಿಗೆ ಅಷ್ಟು ಫ್ರೇಮ್. ವ್ಯಾಲೊರಂಟ್ 200ರ ಮೇಲೆ. ಪ್ರೊಸೆಸರ್ 80 ಡಿಗ್ರಿ ಮುಟ್ಟಿತು. ಈ ಚಿಪ್ಪಿನ ಮಿತಿ 90, ಅಪಾಯವೇನಿಲ್ಲ, ಆದರೆ ಚಿಕ್ಕ ಕೂಲರ್ ಗಲಾಟೆ ಮಾಡುತ್ತಿತ್ತು. ಬಯೋಸ್‌ನಲ್ಲಿ ಇಕೊ ಮೋಡ್ ಹಾಕಿ 45 ವ್ಯಾಟ್ ವರ್ಗಕ್ಕೆ ಇಳಿಸಿದೆ. ಗೇಮ್‌ನಲ್ಲಿ ವ್ಯತ್ಯಾಸ ಗೊತ್ತಾಗಲಿಲ್ಲ, ಬಿಸಿ ಮತ್ತು ಸದ್ದು ಎರಡೂ ಇಳಿದವು. ಕಾರ್ಡಿಗೆ ಎಎಂಡಿಯ ಅಡ್ರಿನಾಲಿನ್ ಸಾಫ್ಟ್‌ವೇರ್‌ನಲ್ಲಿ ಅಂಡರ್‌ವೋಲ್ಟ್ ಮಾಡಿ (ಅದಕ್ಕೆ ಹೋಗುವ ವೋಲ್ಟೇಜ್ ಸ್ವಲ್ಪ ಇಳಿಸಿ), ಎಫ್‌ಪಿಎಸ್‌ಗೆ 140ರ ಮಿತಿ ಹಾಕಿದೆ. ಅದಕ್ಕೂ ಮೇಲಿನ ಫ್ರೇಮ್‌ಗಾಗಿ ಬೇಸಿಗೆಯಲ್ಲಿ ಕಾರ್ಡನ್ನು ಕಾಯಿಸುವುದು ಯಾಕೆ? ಚಳಿಗಾಲದಲ್ಲಿ ಬೇಕಾದರೆ ಮಿತಿ ತೆಗೆದುಕೊಳ್ಳಲಿ. ಧೂಳಿನ ಫಿಲ್ಟರನ್ನು ತಿಂಗಳಿಗೊಮ್ಮೆ ತೊಳೆದು, ಪೂರ್ತಿ ಒಣಗಿಸಿ ಹಾಕುವ ಕೆಲಸ ಹುಡುಗನದ್ದು. ಇವತ್ತಿಗೂ ತಪ್ಪದೆ ಮಾಡುತ್ತಿದ್ದಾನೆ.

ಈಗ ಇದೇ ಪಟ್ಟಿ ಹಿಡಿದು ಹೊರಡುವವರಿಗೆ ಒಂದು ವಿಷಯ. 2025ರ ಕೊನೆಗೆ ರ‍್ಯಾಮ್ ಬೆಲೆ ವಿಪರೀತ ಏರಿತು. ಮೆಮೊರಿ ಕಂಪನಿಗಳು ಎಐ ಸರ್ವರ್‌ಗಳ ಕಡೆಗೆ ಮಾಲು ತಿರುಗಿಸಿದ್ದು ಮುಖ್ಯ ಕಾರಣ. ನಾನು ಕೊಟ್ಟ 3,600ಕ್ಕೆ ಎರಡು ಕಡ್ಡಿ ಸಿಗುತ್ತೆ ಅಂದುಕೊಂಡು ಹೋಗಬೇಡಿ. ಗ್ರಾಫಿಕ್ಸ್ ಕಾರ್ಡನ್ನು ಸೆಕೆಂಡ್ ಹ್ಯಾಂಡ್ ತಗೊಳ್ಳಲು ಹಿಂಜರಿಯುವ ನಾನು ಡಿಡಿಆರ್4 ರ‍್ಯಾಮನ್ನು ಮಾತ್ರ ಧೈರ್ಯವಾಗಿ ತಗೊಳ್ಳಿ ಅನ್ನುತ್ತೇನೆ. ಅದರಲ್ಲಿ ಸವೆಯುವ ಭಾಗ ಇಲ್ಲ, ಪರೀಕ್ಷೆಯೂ ಸುಲಭ. ಮಾರುವವರ ಹತ್ತಿರ ಎರಡು ದಿನದ ಗಡುವು ಕೇಳಿ ತನ್ನಿ, ಎಕ್ಸ್‌ಎಂಪಿ ಆನ್ ಮಾಡಿ, ಮೆಮ್‌ಟೆಸ್ಟ್86 ಅನ್ನೋ ಪರೀಕ್ಷೆಯ ಸಾಫ್ಟ್‌ವೇರನ್ನು ಪೆನ್‌ಡ್ರೈವ್‌ನಿಂದ ರಾತ್ರಿಯಿಡೀ ಓಡಲು ಬಿಡಿ. ಬೆಳಿಗ್ಗೆ ಒಂದೇ ಒಂದು ಎರರ್ ಕಂಡರೂ ವಾಪಸ್ ಕೊಟ್ಟುಬಿಡಿ.